ಹೆಬ್ಬೆಟ್ಟಿನ ಗುರುತು ಬಳಸಿ ತಂದೆಯವರ ಖಾತೆಯಿಂದ ಹಣ ತೆಗೆದಿದ್ದಾರೆ: ಮುಂದೇನು ಮಾಡಬೇಕು?

ಕೇಳಿದವರು: ಹೇಮಾವತಿ ದಂಡೆ
ಭಾನುವಾರ, ಸಂಜೆ

ಬಲ್ಲವರ ಸಲಹೆ ಬೇಕಾಗಿದೆ. ವಿಷಯ ಸ್ವಲ್ಪ ದೀರ್ಘವಾಗಿದೆ, ಕ್ಷಮಿಸಿ.

ನನ್ನ ತಂದೆಯವರಿಗೆ 71 ವರ್ಷ. ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು, ಹಾಸನ ಜಿಲ್ಲೆಯ ನಮ್ಮ ಊರಿನಲ್ಲಿ ತಾಯಿಯವರೊಂದಿಗೆ ಇದ್ದಾರೆ. ಗುರುವಾರ ರಾತ್ರಿ ಒಂದು ಸಲ, ಶುಕ್ರವಾರ ಬೆಳಿಗ್ಗೆ ಎರಡು ಸಲ, ಪ್ರತಿ ಸಲವೂ 10,000 ರೂಪಾಯಿಯಂತೆ ಅವರ ಪಿಂಚಣಿ ಖಾತೆಯಿಂದ ಒಟ್ಟು 30,000 ರೂಪಾಯಿ ಹೋಗಿದೆ. ಅವರು ಎಟಿಎಂ ಕಾರ್ಡನ್ನೇ ಪಡೆದವರಲ್ಲ, ಫೋನಿನಲ್ಲಿ ಹಣ ಕಳುಹಿಸುವ ಯಾವ ಆ್ಯಪ್ ಕೂಡ ಇಲ್ಲ, ಒಟಿಪಿ ಬಂದಿಲ್ಲ, ಯಾರೂ ಕರೆ ಮಾಡಿ ಏನನ್ನೂ ಕೇಳಿಲ್ಲ. ಬ್ಯಾಂಕಿನಿಂದ ಬಂದ ಮೂರು ಸಂದೇಶಗಳನ್ನು ಅವರು ನೋಡಿದ್ದೇ ಶನಿವಾರ. ಆ ದಿನವೇ ಶಾಖೆಗೆ ಹೋಗಿ ಕೇಳಿದಾಗ ಪಾಸ್‌ಬುಕ್ಕಿನಲ್ಲಿ ಎಇಪಿಎಸ್ (ಆಧಾರ್ ಮತ್ತು ಬೆರಳಚ್ಚಿನಿಂದ ಹಣ ತೆಗೆಯುವ ವ್ಯವಸ್ಥೆ) ಎಂದು ಮೂರು ನಮೂದುಗಳನ್ನು ತೋರಿಸಿ, ‘ನಿಮ್ಮ ಹೆಬ್ಬೆಟ್ಟು ತಾಳೆಯಾಗಿದೆ, ಹಾಗಾಗಿ ತೆಗೆದವರು ನೀವೇ’ ಎಂದು ಹೇಳಿ ಕಳುಹಿಸಿದ್ದಾರೆ.

ಸಾಕ್ಷರತಾ ಆಂದೋಲನದ ಕಾಲದಲ್ಲಿ ಸಂಜೆ ಲಾಟೀನು ಹಿಡಿದು ಮನೆ ಮನೆಗೆ ಹೋಗಿ ‘ಹೆಬ್ಬೆಟ್ಟು ಒತ್ತಬೇಡಿ, ಸಹಿ ಮಾಡುವುದನ್ನು ಕಲಿಯಿರಿ’ ಎಂದು ಹೇಳಿಕೊಟ್ಟ ಮನುಷ್ಯ ಅವರು. ಈಗ ಅವರ ಹೆಬ್ಬೆಟ್ಟೇ ಅವರ ವಿರುದ್ಧ ಸಾಕ್ಷಿ ಹೇಳುತ್ತಿದೆ.

ಎರಡು ತಿಂಗಳ ಹಿಂದೆ ಚಿಕ್ಕಪ್ಪನವರೊಂದಿಗೆ ವಿಭಾಗ ಪತ್ರ ನೋಂದಣಿಯಾದಾಗ ತಂದೆಯವರು ಹೆಬ್ಬೆಟ್ಟು ಕೊಟ್ಟಿದ್ದರು. ನ್ಯಾಯಬೆಲೆ ಅಂಗಡಿಯಲ್ಲಿ ತಿಂಗಳಿಗೊಮ್ಮೆ ಕೊಡುತ್ತಾರೆ, ಈ ವರ್ಷ ಸಿಮ್ ಬದಲಿಸುವಾಗಲೂ ಕೊಟ್ಟಿದ್ದಾರೆ. ಸೋರಿದ್ದು ಎಲ್ಲಿಂದ, ಹಣ ಮರಳಿ ಬರುವ ದಾರಿ ಇದೆಯೇ, ಇನ್ನು ಮುಂದೆ ಇದನ್ನು ತಡೆಯುವುದು ಹೇಗೆ?

ಇದರ ಜೊತೆಗೆ ಇನ್ನೊಂದು ತಲೆನೋವು. ನನ್ನ ಅಕ್ಕನ ಮಗ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾನೆ, ಹ್ಯಾಕಿಂಗ್ ಸ್ಪರ್ಧೆಗಳಲ್ಲಿ ಭಾಗವಹಿಸುವ ಹವ್ಯಾಸ ಅವನಿಗೆ. ತಾತನ ದುಡ್ಡು ಹೋದ ಸಿಟ್ಟಿನಲ್ಲಿ ಹುಡುಕಲು ಕೂತವನು, ದಸ್ತಾವೇಜು ಬರೆದುಕೊಡುವ ಒಂದು ಖಾಸಗಿ ಸಂಸ್ಥೆಯ ಜಾಲತಾಣದಲ್ಲಿ ವಿಳಾಸದ ಕೊನೆಯ ಅಂಕಿಯನ್ನು ಬದಲಿಸಿದರೆ ಬೇರೆಯವರ ಕರಾರು ಪತ್ರ, ಆಧಾರ್ ಪ್ರತಿ ಎಲ್ಲವೂ ತೆರೆದುಕೊಳ್ಳುತ್ತವೆ ಎಂದು ಪತ್ತೆ ಮಾಡಿದ್ದಾನೆ. ಐದಾರು ಕಡತಗಳನ್ನು ತೆರೆದು ನೋಡಿದ್ದಾನಂತೆ. ಎಲ್ಲವನ್ನೂ ಇಳಿಸಿಕೊಂಡು ಪತ್ರಿಕೆಯವರಿಗೆ ಕೊಡುತ್ತೇನೆ ಎನ್ನುತ್ತಿದ್ದಾನೆ. ಅವನನ್ನು ತಡೆಯಬೇಕೇ, ಪ್ರೋತ್ಸಾಹಿಸಬೇಕೇ ತಿಳಿಯುತ್ತಿಲ್ಲ.

ಉತ್ತರ: ಮಾಜಿ ಕ್ಯಾಷಿಯರ್
ಭಾನುವಾರ, ರಾತ್ರಿ

ಮೂವತ್ತು ವರ್ಷ ಕೌಂಟರಿನ ಒಳಗೆ ಕೂತವನು ನಾನು, ಆದ್ದರಿಂದ ದುಡ್ಡಿನ ಮಾತನ್ನು ಮೊದಲು ಮುಗಿಸುತ್ತೇನೆ, ಏಕೆಂದರೆ ಅದಕ್ಕೆ ಗಡುವು ಇದೆ.

ನಾಳೆ ಸೋಮವಾರ ಬ್ಯಾಂಕಿನ ಬಾಗಿಲು ತೆರೆಯುವ ಹೊತ್ತಿಗೆ ನಿಮ್ಮ ತಂದೆಯವರು ಲಿಖಿತ ದೂರಿನೊಂದಿಗೆ ಅಲ್ಲಿರಬೇಕು. ಗ್ರಾಹಕರ ಹೊಣೆಯ ಬಗ್ಗೆ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕನದೂ ಅಲ್ಲದೆ ವ್ಯವಸ್ಥೆಯ ಬೇರೆಲ್ಲೋ ಇರುವಾಗ, ಸಂದೇಶ ಬಂದ ದಿನವನ್ನು ಬಿಟ್ಟು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಹೊಣೆ ಸೊನ್ನೆ. ಗುರುವಾರದ ಸಂದೇಶಕ್ಕೆ ಶುಕ್ರವಾರ ಒಂದು, ಶಾಖೆ ತೆರೆದಿದ್ದ ಶನಿವಾರ ಎರಡು, ಸೋಮವಾರ ಮೂರು. ನಾಲ್ಕರಿಂದ ಏಳನೆಯ ದಿನದವರೆಗೆ ತಿಳಿಸಿದರೆ ಸಾಮಾನ್ಯ ಉಳಿತಾಯ ಖಾತೆಯವರು ಪ್ರತಿ ವಹಿವಾಟಿಗೆ 10,000 ರೂಪಾಯಿಯವರೆಗೆ ನಷ್ಟ ಹೊರಬೇಕಾಗುತ್ತದೆ. ನಿಮ್ಮ ಲೆಕ್ಕದಲ್ಲಿ ಒಂದೊಂದು ವಹಿವಾಟೂ ಸರಿಯಾಗಿ ಅಷ್ಟೇ ಇರುವುದರಿಂದ ಒಂದು ದಿನದ ಆಲಸ್ಯಕ್ಕೆ ಗುರುವಾರದ ಮೊತ್ತ ಪೂರ್ತಿ ಹೋಗಬಹುದು, ಎರಡು ದಿನವಾದರೆ ಶುಕ್ರವಾರದ ಎರಡೂ ಹೋಗಬಹುದು. ಶನಿವಾರ ಬಾಯಿಮಾತಿನಲ್ಲಿ ಹೇಳಿದ್ದನ್ನೂ ದೂರಿನಲ್ಲಿ ಬರೆಯಿರಿ, ಆದರೆ ಅದನ್ನೇ ನಂಬಿ ಕೂರಬೇಡಿ. ಸ್ವೀಕೃತಿಯ ಮೊಹರು ಮತ್ತು ದಿನಾಂಕ ಇಲ್ಲದ ದೂರು ಬ್ಯಾಂಕಿನಲ್ಲಿ ದೂರೇ ಅಲ್ಲ. ಇವತ್ತೇ ರಾತ್ರಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಅದರ ಸಂಖ್ಯೆಯನ್ನೂ ಅರ್ಜಿಯಲ್ಲಿ ಸೇರಿಸಿ.

ಅದೇ ಸುತ್ತೋಲೆಯ ಎರಡು ಅಂಶಗಳನ್ನು ಶಾಖೆಯವರು ತಾವಾಗಿ ಹೇಳುವುದಿಲ್ಲ. ದೂರು ಬಂದ ಹತ್ತು ಕೆಲಸದ ದಿನಗಳೊಳಗೆ ಬ್ಯಾಂಕು ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮೆ ಮಾಡಬೇಕು. ಗ್ರಾಹಕನೇ ತೆಗೆದಿದ್ದಾನೆ ಎಂದು ರುಜುವಾತು ಮಾಡುವ ಭಾರವೂ ಬ್ಯಾಂಕಿನದೇ. 30 ದಿನ ಕಳೆದರೂ ಸಮಾಧಾನಕರ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರುಗಳನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಸಮಗ್ರ ಒಂಬುಡ್ಸ್‌ಮನ್ ಯೋಜನೆಯಡಿ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ.

ಇನ್ನು ಎಇಪಿಎಸ್ ನಡೆಯುವ ರೀತಿ. ಹಳ್ಳಿಯಲ್ಲಿ ಬ್ಯಾಂಕಿನ ಪರವಾಗಿ ಹಣ ಕೊಡುವ ಬ್ಯಾಂಕ್ ಮಿತ್ರರ ಕೈಯಲ್ಲಿರುವ ಸಣ್ಣ ಯಂತ್ರಕ್ಕೆ ಬೇಕಾಗುವುದು ಮೂರೇ ಸಂಗತಿ: ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು. ಕಾರ್ಡ್ ಇಲ್ಲ, ಪಿನ್ ಇಲ್ಲ, ಒಟಿಪಿ ಇಲ್ಲ. ಓದು ಬಾರದ ಕೂಲಿಯವರಿಗೂ ತಮ್ಮ ಊರಿನಲ್ಲೇ ಹಣ ಸಿಗಲಿ ಎಂದು ಮಾಡಿದ ವ್ಯವಸ್ಥೆ ಅದು, ಆ ಕೆಲಸವನ್ನು ಚೆನ್ನಾಗಿಯೇ ಮಾಡಿದೆ ಎಂದು ಒಪ್ಪಿಕೊಳ್ಳಬೇಕು. ಒಂದು ಸಲಕ್ಕೆ 10,000 ರೂಪಾಯಿ ಮಿತಿ ಇರುವುದರಿಂದಲೇ ನಿಮ್ಮ ತಂದೆಯವರ ಹಣ ಮೂರು ಕಂತುಗಳಲ್ಲಿ ಹೋಗಿದೆ. ಇಲ್ಲಿ ಗ್ರಾಹಕನ ಖಾತೆಯ ಹಣ ಮೊದಲು ಬ್ಯಾಂಕ್ ಮಿತ್ರನ ಲೆಕ್ಕಕ್ಕೆ ಹೋಗುತ್ತದೆ, ಆತ ಗಲ್ಲಾಪೆಟ್ಟಿಗೆಯಿಂದ ನಗದು ಕೊಡುತ್ತಾನೆ. ಮೋಸದಲ್ಲಿ ಆತನೇ ಪಾಲುದಾರನಾಗಿದ್ದರೆ ಹಣ ಇನ್ನೂ ಆ ಲೆಕ್ಕದಲ್ಲೇ ಇರಬಹುದು, ಪೊಲೀಸರು ತಡೆಹಿಡಿಯಲೂ ಬಹುದು. ಆದ್ದರಿಂದ ಪ್ರತಿ ವಹಿವಾಟಿನ ಆರ್‌ಆರ್‌ಎನ್ ಎನ್ನುವ 12 ಅಂಕಿಗಳ ಸಂಖ್ಯೆಯನ್ನೂ, ಅದು ನಡೆದ ಯಂತ್ರದ ವಿವರವನ್ನೂ ಬ್ಯಾಂಕಿನಿಂದ ಬರಹದಲ್ಲಿ ಕೇಳಿ.

ಉತ್ತರ: ಕಳ್ಳಕೀಲಿ
ಸೋಮವಾರ, ಬೆಳಿಗ್ಗೆ

ನಾನು ಧಾರವಾಡದವನು, ಹ್ಯಾಂಬರ್ಗ್‌ನಲ್ಲಿ ಕೆಲಸ. ಬೀಗ ಮತ್ತು ಸೆನ್ಸರುಗಳನ್ನು ಬಿಚ್ಚಿ ನೋಡುವುದು ಹವ್ಯಾಸ. ಹಣದ ವಿಷಯವನ್ನು ಮೇಲಿನವರು ಹೇಳಿರುವುದರಿಂದ ಬೆರಳಿನ ವಿಷಯಕ್ಕೆ ಬರುತ್ತೇನೆ.

‘ಹೆಬ್ಬೆಟ್ಟು ತಾಳೆಯಾಗಿದೆ, ಹಾಗಾಗಿ ಮನುಷ್ಯ ಅಲ್ಲಿದ್ದ’ ಎಂಬ ವಾದ ಸುಳ್ಳೆಂದು ಗೊತ್ತಾಗಿ ಇಪ್ಪತ್ತು ವರ್ಷಗಳ ಮೇಲಾಯಿತು. 2002ರಲ್ಲಿ ಜಪಾನಿನ ಯೊಕೊಹಾಮಾ ರಾಷ್ಟ್ರೀಯ ವಿಶ್ವವಿದ್ಯಾಲಯದ ತ್ಸುತೋಮು ಮತ್ಸುಮೋಟೊ ಮತ್ತು ಅವರ ಸಂಗಡಿಗರು, ಮಿಠಾಯಿಗೆ ಬಳಸುವ ಜೆಲಾಟಿನ್‌ನಿಂದ ಮಾಡಿದ ಬೆರಳುಗಳಿಂದ 11 ಬಗೆಯ ಸಾಧನಗಳನ್ನು ಮೋಸಗೊಳಿಸಿ ತೋರಿಸಿದರು. ಇಲ್ಲಿನ ಹವ್ಯಾಸಿಗಳ ಕೂಟವಾದ ಕೇಯಾಸ್ ಕಂಪ್ಯೂಟರ್ ಕ್ಲಬ್ 2008ರಲ್ಲಿ, ಪಾಸ್‌ಪೋರ್ಟಿನಲ್ಲಿ ಬೆರಳಚ್ಚು ಸೇರಿಸುವುದನ್ನು ಬೆಂಬಲಿಸುತ್ತಿದ್ದ ಅಂದಿನ ಜರ್ಮನ್ ಗೃಹಸಚಿವ ವೋಲ್ಫ್‌ಗಾಂಗ್ ಶೊಯ್ಬ್ಲೆ ಅವರ ಬೆರಳಚ್ಚನ್ನು ಅವರು ನೀರು ಕುಡಿದ ಲೋಟದಿಂದ ಎತ್ತಿ, ತನ್ನ ಪತ್ರಿಕೆಯಲ್ಲೇ ಅಚ್ಚು ಹಾಕಿತು. 2013ರಲ್ಲಿ ಐಫೋನ್ 5ಎಸ್ ಮಾರುಕಟ್ಟೆಗೆ ಬಂದ ಕೆಲವೇ ದಿನಗಳಲ್ಲಿ ಅದರ ಬೆರಳಚ್ಚಿನ ಬೀಗವೂ ಇದೇ ಕೂಟದವರ ಕೈಯಲ್ಲಿ ತೆರೆಯಿತು. 2014ರ ಡಿಸೆಂಬರಿನಲ್ಲಿ ಇದೇ ಹ್ಯಾಂಬರ್ಗ್‌ನ ಸಮಾವೇಶದಲ್ಲಿ, ಅಂದಿನ ರಕ್ಷಣಾ ಸಚಿವೆ ಉರ್ಸುಲಾ ಫಾನ್ ಡೇರ್ ಲೈಯೆನ್ ಅವರ ಹೆಬ್ಬೆರಳಿನ ಗೆರೆಗಳನ್ನು ಬರಿಯ ಫೋಟೋಗಳಿಂದ ಮರುನಿರ್ಮಿಸಿದ್ದಾಗಿ ಹೇಳಿ ತೋರಿಸಿದರು. ಲೋಟವೂ ಬೇಕಾಗಲಿಲ್ಲ!

ಗೆರೆ ಎಲ್ಲಿ ಮುಗಿಯುತ್ತದೆ, ಎಲ್ಲಿ ಕವಲಾಗುತ್ತದೆ ಎಂಬ ಬಿಂದುಗಳನ್ನು ಯಂತ್ರ ಹೋಲಿಸುತ್ತದೆ. ಬೆರಳಿನ ಮೇಲಿದ್ದರೂ, ಕಾಗದದ ಮೇಲಿದ್ದರೂ, ರಬ್ಬರಿನ ಮೇಲಿದ್ದರೂ ಆ ಬಿಂದುಗಳು ಅವೇ. ಬೆರಳಚ್ಚು ನಮ್ಮ ಹೆಸರಿದ್ದ ಹಾಗೆ. ಮುಟ್ಟಿದ ಬಾಗಿಲು, ಹಿಡಿದ ಲೋಟ, ಒತ್ತಿದ ಕಾಗದಗಳಲ್ಲೆಲ್ಲ ಅದನ್ನು ಬರೆದಿಟ್ಟು ಬರುತ್ತೇವೆ. ಅದನ್ನು ಗುಟ್ಟಿನ ಪದದಂತೆ ಬಳಸಲು ಹೊರಟಲ್ಲಿಯೇ ತಪ್ಪು ಶುರುವಾಯಿತು. ಗುಟ್ಟಿನ ಪದ ಬಯಲಾದರೆ ಬದಲಿಸಬಹುದು, ಬೆರಳಿಗೆ ಆ ಭಾಗ್ಯವಿಲ್ಲ.

ನೋಂದಣಿ ಪತ್ರದ ಬಗ್ಗೆ ನಿಮ್ಮ ಅನುಮಾನ ಅಸಂಬದ್ಧವಲ್ಲ. 1908ರ ನೋಂದಣಿ ಕಾಯ್ದೆಗೆ 2001ರಲ್ಲಿ ಸೇರಿದ 32ಎ ಕಲಮಿನಂತೆ ಪತ್ರಕ್ಕೆ ಭಾವಚಿತ್ರ ಮತ್ತು ಬೆರಳಚ್ಚು ಕಡ್ಡಾಯ. ಅದೇ ಕಾಯ್ದೆಯ 57ನೇ ಕಲಮಿನಂತೆ ಸ್ಥಿರಾಸ್ತಿ ಪತ್ರಗಳ ದಾಖಲೆಯನ್ನು ಯಾರು ಬೇಕಾದರೂ ಶುಲ್ಕ ಕೊಟ್ಟು ನೋಡಬಹುದು, ನಕಲು ಪಡೆಯಬಹುದು. ಜಮೀನು ಕೊಳ್ಳುವವನಿಗೆ ಮೋಸವಾಗಬಾರದೆಂದು ಎರಡೂ ನಿಯಮ ಬಂದವು. ಎರಡೂ ಸೇರಿ ಜಾಲತಾಣಕ್ಕೆ ಏರಿದಾಗ ಆಧಾರ್ ಸಂಖ್ಯೆ ಮತ್ತು ಹೆಬ್ಬೆಟ್ಟು ಒಂದೇ ಕಾಗದದಲ್ಲಿ ಕಳ್ಳನ ಮನೆಗೆ ಹೋಗುವಂತಾಯಿತು. 2018ರಲ್ಲಿ ತೆಲಂಗಾಣದಲ್ಲಿ ಒಬ್ಬಾತ ನೋಂದಣಿ ಪತ್ರಗಳಿಂದ ಎತ್ತಿದ ಬೆರಳಚ್ಚುಗಳಿಂದ ಸಾವಿರಾರು ಸಿಮ್‌ಗಳನ್ನು ಚಾಲೂ ಮಾಡಿದ್ದು ಬೆಳಕಿಗೆ ಬಂತು. 2023ರಲ್ಲಿ ಬೆಂಗಳೂರಿನಲ್ಲೂ ಆಸ್ತಿ ನೋಂದಣಿ ಮಾಡಿಸಿದ ಹಲವರು ಎಇಪಿಎಸ್ ಮೂಲಕ ಹಣ ಕಳೆದುಕೊಂಡ ದೂರುಗಳನ್ನು ಪೊಲೀಸರಿಗೆ ಕೊಟ್ಟರು. ಆದರೂ ನಿಮ್ಮ ಪ್ರಕರಣದಲ್ಲಿ ಅಲ್ಲಿಂದಲೇ ಹೋಯಿತು ಎಂದು ಪುರಾವೆಯಿಲ್ಲದೆ ದೂರಿನಲ್ಲಿ ಬರೆಯಬೇಡಿ. ಸಿಮ್ ಬದಲಿಸಿದ ಅಂಗಡಿಯಲ್ಲಿ ‘ಸರಿಯಾಗಿ ಬರಲಿಲ್ಲ, ಇನ್ನೊಮ್ಮೆ ಒತ್ತಿ’ ಎಂದು ಎರಡು ಸಲ ಒತ್ತಿಸಿದ್ದರೆ ಅದೂ ಒಂದು ಸಾಧ್ಯತೆಯೇ.

ಈಗ ತಡೆ. ಮೈ ಆಧಾರ್ ಜಾಲತಾಣದಲ್ಲಿ ಅಥವಾ ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಎಂಬ ಸೌಲಭ್ಯವಿದೆ. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿದ್ದರೆ ಐದು ನಿಮಿಷದ ಕೆಲಸ. ಒಮ್ಮೆ ಲಾಕ್ ಮಾಡಿದರೆ ಬೆರಳು, ಕಣ್ಣು, ಮುಖ ಮೂರರಿಂದಲೂ ದೃಢೀಕರಣ ನಡೆಯುವುದಿಲ್ಲ, ಯಂತ್ರದಲ್ಲಿ 330 ಎಂಬ ದೋಷಸಂಖ್ಯೆ ಬರುತ್ತದೆ. ಒಟಿಪಿಯಿಂದ ನಡೆಯುವ ಕೆಲಸಗಳಿಗೆ ತೊಂದರೆಯಿಲ್ಲ. ಬೇಕಾದಾಗ ಸ್ವಲ್ಪ ಹೊತ್ತಿಗೆ ತೆರೆದುಕೊಳ್ಳಲೂ ಬರುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಅನ್ನಿಸಬಹುದು, ಆದರೆ ಒಮ್ಮೆ ನಕಲಾದ ಬೆರಳು ಕಳ್ಳನ ಬಳಿ ಉಳಿದೇ ಇರುವುದರಿಂದ ಬಾಗಿಲು ಹಾಕಲೇಬೇಕು. ಅಲ್ಲೇ ದೃಢೀಕರಣದ ಇತಿಹಾಸವೂ ಇದೆ: ಕಳೆದ ಆರು ತಿಂಗಳಲ್ಲಿ ಯಾವ ಸಂಸ್ಥೆ, ಯಾವ ದಿನ, ಎಷ್ಟು ಹೊತ್ತಿಗೆ, ಬೆರಳಿನಿಂದಲೋ ಒಟಿಪಿಯಿಂದಲೋ ಪರೀಕ್ಷಿಸಿತು, ತಾಳೆಯಾಯಿತೋ ಇಲ್ಲವೋ ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ಲಾಕ್ ಮಾಡುವ ಮೊದಲೇ ಅದನ್ನು ಇಳಿಸಿಕೊಂಡು ದೂರಿಗೆ ಲಗತ್ತಿಸಿ.

ಉತ್ತರ: ಸೊನ್ನೆ ಒಂದು
ಸೋಮವಾರ, ಮಧ್ಯಾಹ್ನ

ಅಕ್ಕನ ಮಗನ ವಿಷಯಕ್ಕೆ ಉತ್ತರಿಸುತ್ತೇನೆ, ಕಂಪನಿಗಳ ಜಾಲತಾಣಗಳ ಭದ್ರತೆ ಪರೀಕ್ಷಿಸುವುದೇ ನನ್ನ ಹೊಟ್ಟೆಪಾಡು. ದಯವಿಟ್ಟು ಇವತ್ತೇ ಅವನಿಗೆ ಫೋನ್ ಮಾಡಿ, ಇನ್ನೊಂದು ಕಡತವನ್ನೂ ತೆರೆಯಬೇಡ ಎಂದು ಹೇಳಿ.

ಅವನು ಕಂಡುಹಿಡಿದದ್ದು ನಿಜವಾದ ದೋಷ, ಗಂಭೀರವಾದದ್ದೇ. ಕೇಳುತ್ತಿರುವವನು ಈ ಕಡತದ ಒಡೆಯನೇ ಎಂದು ಪರೀಕ್ಷಿಸದೆ, ಅಂಕಿ ಹೇಳಿದವರಿಗೆಲ್ಲ ಸರ್ವರ್ ಕಡತ ಕೊಡುತ್ತಿದೆ. ಆದರೆ ಬಾಗಿಲಿಗೆ ಬೀಗವಿಲ್ಲ ಎಂಬುದು ಒಳಗೆ ಹೋಗಲು ಅನುಮತಿಯಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮು ಒಡೆಯನ ಅನುಮತಿಯಿಲ್ಲದೆ ಕಂಪ್ಯೂಟರ್ ವ್ಯವಸ್ಥೆಯನ್ನು ಪ್ರವೇಶಿಸುವುದನ್ನೂ, ಅದರಿಂದ ಮಾಹಿತಿ ಇಳಿಸಿಕೊಳ್ಳುವುದನ್ನೂ ಹೆಸರಿಸಿಯೇ ಹೇಳುತ್ತದೆ, ಅದಕ್ಕೆ ಪರಿಹಾರ ಕಟ್ಟಿಕೊಡಬೇಕಾಗುತ್ತದೆ. ಅದೇ ಕೆಲಸದ ಹಿಂದೆ ಮೋಸದ ಅಥವಾ ಅಪ್ರಾಮಾಣಿಕ ಉದ್ದೇಶವಿದ್ದರೆ 66ನೇ ಕಲಮಿನಂತೆ ಮೂರು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡ. ಉದ್ದೇಶ ಒಳ್ಳೆಯದಿತ್ತು ಎಂದು ನ್ಯಾಯಾಲಯದಲ್ಲಿ ವಾದಿಸಬಹುದು, ಆದರೆ ಸದುದ್ದೇಶದಿಂದ ದೋಷ ಹುಡುಕುವವರಿಗೆ ನಮ್ಮ ಕಾನೂನಿನಲ್ಲಿ ನೇರ ರಕ್ಷಣೆ ಇಲ್ಲ. ಐದಾರು ಕಡತ ಕುತೂಹಲವೆನ್ನಿಸಿಕೊಳ್ಳಬಹುದು, ಐದು ಸಾವಿರ ಕಡತ ಇಳಿಸಿಕೊಂಡರೆ ಸೋರಿಕೆ ಮಾಡಿದವನು ಅವನೇ ಆಗುತ್ತಾನೆ.

2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ನಡೆದ ಪ್ರಕರಣವನ್ನು ಅವನಿಗೆ ತಿಳಿಸಿ. ಒಳ್ಳೆಯ ಕಾಲೇಜಿನಲ್ಲಿ ಓದಿದ್ದ ಒಬ್ಬ ಯುವ ಎಂಜಿನಿಯರ್, ಸರ್ಕಾರದ ಇ-ಹಾಸ್ಪಿಟಲ್ ವ್ಯವಸ್ಥೆಯ ಸರ್ವರನ್ನು ಅನುಮತಿಯಿಲ್ಲದೆ ಬಳಸಿ ಆಧಾರ್ ವಿವರ ತೋರಿಸುವ ಆ್ಯಪ್ ಕಟ್ಟಿದ್ದ ಆರೋಪದ ಮೇಲೆ ಬಂಧನಕ್ಕೊಳಗಾದ. ಮರುವರ್ಷದ ಜನವರಿಯಲ್ಲಿ 500 ರೂಪಾಯಿಗೆ ಆಧಾರ್ ವಿವರ ಸಿಗುತ್ತದೆ ಎಂದು ವರದಿ ಮಾಡಿದ ದಿ ಟ್ರಿಬ್ಯೂನ್ ಪತ್ರಿಕೆ ಮತ್ತು ಅದರ ವರದಿಗಾರ್ತಿಯ ಹೆಸರೂ ಎಫ್‌ಐಆರ್‌ನಲ್ಲಿ ಸೇರಿತ್ತು. ಪತ್ರಿಕೆಗೆ ಕೊಟ್ಟರೆ ತಾನು ಸುರಕ್ಷಿತ ಎಂಬ ಅವನ ನಂಬಿಕೆಗೆ ಆಧಾರವಿಲ್ಲ (ಪದದ ಶ್ಲೇಷೆ ಬೇಕೆಂದು ಮಾಡಿದ್ದಲ್ಲ).

ಹಾಗೆಂದು ಸುಮ್ಮನಿರಬೇಕಾಗಿಲ್ಲ. ಬೇರೆಯವರ ಕಡತಗಳನ್ನು ಇಟ್ಟುಕೊಂಡಿದ್ದರೆ ಅಳಿಸಲಿ. ಯಾವ ಪುಟದಲ್ಲಿ, ಯಾವ ದಿನ, ಏನು ಮಾಡಿದಾಗ ಏನಾಯಿತು ಎಂಬುದನ್ನು ಯಾರ ಹೆಸರೂ ಇಲ್ಲದಂತೆ ಒಂದು ಪುಟದಲ್ಲಿ ಬರೆದು ಸಂಸ್ಥೆಗೂ, ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್‌ಗೂ ಕಳುಹಿಸಲಿ. ಇಂತಹ ದೋಷಗಳ ವರದಿಯನ್ನು ಪಡೆದು ಸಂಬಂಧಪಟ್ಟವರಿಂದ ಸರಿಪಡಿಸಿಸುವುದು ಅದರ ಕೆಲಸಗಳಲ್ಲೊಂದು. ‘ಬಹುಮಾನ ಕೊಟ್ಟರೆ ಹೇಳುತ್ತೇನೆ’ ಎಂಬ ಸಾಲು ಪತ್ರದಲ್ಲಿ ಎಲ್ಲಿಯೂ ಇರಕೂಡದು. ಬಹುಮಾನ ಘೋಷಿಸಿರದ ಸಂಸ್ಥೆಗೆ ಹಾಗೆ ಬರೆದರೆ ಅದು ಸುಲಿಗೆಯಂತೆ ಕಾಣುತ್ತದೆ. ಇಂತಹ ದೋಷವನ್ನು ತೋರಿಸಲು ಪರರ ಕಡತವೇ ಬೇಕಾಗಿರಲಿಲ್ಲ ಎಂಬುದನ್ನೂ ಅವನು ಕಲಿಯಲಿ: ತನ್ನದೇ ಒಂದು ಖಾತೆ, ಒಪ್ಪಿದ ಗೆಳೆಯನದು ಇನ್ನೊಂದು, ಒಂದರಿಂದ ಮತ್ತೊಂದರ ಕಡತ ತೆರೆದುಕೊಂಡರೆ ಅಷ್ಟೇ ಸಾಕ್ಷಿ ಸಾಕು.

ಕೈ ತುರಿಕೆಗೆ ಜೂಸ್ ಶಾಪ್‌ನಂತಹ, ಮುರಿಯಲೆಂದೇ ಕಟ್ಟಿದ ಜಾಲತಾಣಗಳಿವೆ, ಪಿಕೋ ಸಿಟಿಎಫ್ ಎಂಬ ಹ್ಯಾಕಿಂಗ್ ಸ್ಪರ್ಧೆ ಇದೆ. ಬೆಂಗಳೂರಿನಲ್ಲಿ ನಲ್ ಎಂಬ ಸೈಬರ್ ಭದ್ರತಾ ಆಸಕ್ತರ ಬಳಗ ಕೂಟಗಳನ್ನು ನಡೆಸುತ್ತದೆ, ಪ್ರವೇಶ ಉಚಿತ. ರಜೆಯಲ್ಲಿ ಬಂದರೆ ನಾನೇ ಕರೆದುಕೊಂಡು ಹೋಗುತ್ತೇನೆ. ಇಷ್ಟು ಬೇಗ ಇಂತಹ ದೋಷ ಹಿಡಿದವನು ಕೆಡುವುದು ಬೇಡ.

ಉತ್ತರ: ಬಯಲುಸೀಮೆ
ಸೋಮವಾರ, ರಾತ್ರಿ

ಮೇಲಿನ ಸಲಹೆಗಳೆಲ್ಲ ಉಪಯುಕ್ತವೇ, ಆದರೆ ಒಂದು ತಕರಾರಿದೆ. ಕಳ್ಳತನವಾದವರಿಗೇ ‘ಲಾಕ್ ಮಾಡಿಕೊಳ್ಳಿ, ಇತಿಹಾಸ ನೋಡಿ, ಮೂರು ದಿನದೊಳಗೆ ಓಡಿ’ ಎನ್ನುವುದು ಯಾವ ನ್ಯಾಯ? ತಾನು ಕೇಳದೆಯೇ ತನ್ನ ಖಾತೆಗೆ ಈ ಬಾಗಿಲನ್ನು ಇಟ್ಟಿದ್ದಾರೆ ಎಂಬುದೇ ಎಪ್ಪತ್ತು ದಾಟಿದವರಿಗೆ ಗೊತ್ತಿರುವುದಿಲ್ಲ. ಮೊದಲಿಗೇ ಮುಚ್ಚಿದ್ದು, ಬೇಕಾದವರು ಕೇಳಿ ತೆರೆಸಿಕೊಳ್ಳುವಂತೆ ಇರಬೇಕಿತ್ತು.

ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ಆ ಪ್ರಕರಣಕ್ಕೆ ಹೆಸರು ಕೊಟ್ಟವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಅರ್ಜಿ ಹಾಕಿದವರು. ಹಕ್ಕು ಸಿಕ್ಕಿತು, ಪರಿಹಾರ ಸಿಕ್ಕಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಭದ್ರತೆ ವಹಿಸದ ಸಂಸ್ಥೆಗೆ 250 ಕೋಟಿ ರೂಪಾಯಿಯವರೆಗೆ ದಂಡವಿದೆ, ಆದರೆ ಆ ದಂಡ ಹೋಗುವುದು ಭಾರತದ ಸಂಚಿತ ನಿಧಿಗೆ, ಹಣ ಕಳೆದುಕೊಂಡ ಮೇಷ್ಟರಿಗಲ್ಲ. 2022ರ ಮೇ ತಿಂಗಳಲ್ಲಿ ಆಧಾರ್ ನೀಡುವ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ ‘ಆಧಾರ್ ನಕಲನ್ನು ಎಲ್ಲರಿಗೂ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಕೊಡಿ’ ಎಂದು ಪ್ರಕಟಣೆ ಕೊಟ್ಟಿತ್ತು. ತಪ್ಪು ಅರ್ಥ ಬರಬಹುದೆಂದು ಎರಡೇ ದಿನದಲ್ಲಿ ಅದನ್ನು ಹಿಂತೆಗೆದುಕೊಂಡರು. ಸಲಹೆ ಸರಿಯಾಗಿಯೇ ಇತ್ತು. ನಾನು ಇವತ್ತಿಗೂ ಅದನ್ನೇ ಪಾಲಿಸುತ್ತೇನೆ.

ಉತ್ತರ: ಮಾಜಿ ಕ್ಯಾಷಿಯರ್
ಮಂಗಳವಾರ, ಬೆಳಿಗ್ಗೆ

ಬಯಲುಸೀಮೆಯವರ ತಕರಾರನ್ನು ಒಪ್ಪುತ್ತೇನೆ, ಒಂದು ಮಾತು ಬಿಟ್ಟು. ಮೊದಲಿಗೇ ಮುಚ್ಚಿಟ್ಟರೆ ತೆರೆಸಿಕೊಳ್ಳಲು ಫೋನು ಬೇಕು, ಓದು ಬೇಕು. ಉದ್ಯೋಗ ಖಾತರಿ ಕೂಲಿಗೆ ಬರುತ್ತಿದ್ದ ಹೆಂಗಸರಲ್ಲಿ ಆ ಎರಡೂ ಇಲ್ಲದವರನ್ನು ನಾನು ದಿನವೂ ನೋಡಿದ್ದೇನೆ. ಖಾತೆಯಲ್ಲಿ ಎಇಪಿಎಸ್ ಬೇಡವೆನ್ನುವವರು ಶಾಖೆಗೆ ಬರೆದುಕೊಟ್ಟು ನಿಲ್ಲಿಸುವಂತೆ ಕೇಳಬಹುದು. ಹೇಮಾವತಿ ದಂಡೆಯವರೇ, ದೂರಿನ ಜೊತೆಗೆ ಆ ಅರ್ಜಿಯನ್ನೂ ಕೊಡಿ.

ಕೇಳಿದವರ ಮರುಮಾತು: ಹೇಮಾವತಿ ದಂಡೆ
ಮೂರು ವಾರಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಸೋಮವಾರ ಬೆಳಿಗ್ಗೆಯೇ ಊರಿಗೆ ಹೋಗಿ ಲಿಖಿತ ದೂರು ಕೊಟ್ಟು ಮೊಹರು ಪಡೆದೆವು. ಮೊದಲು ತೆಗೆದುಕೊಳ್ಳಲು ಹಿಂದೇಟು ಹಾಕಿದರು. ಸುತ್ತೋಲೆಯ ದಿನಾಂಕ ಹೇಳಿದ ಮೇಲೆ ಧ್ವನಿ ಬದಲಾಯಿತು. ದೃಢೀಕರಣದ ಇತಿಹಾಸದಲ್ಲಿ ಗುರುವಾರ ಮತ್ತು ಶುಕ್ರವಾರದ ಮೂರು ಯಶಸ್ವಿ ನಮೂದುಗಳ ಜೊತೆಗೆ, ಬುಧವಾರ ರಾತ್ರಿ ವಿಫಲವಾದ ನಾಲ್ಕು ಪ್ರಯತ್ನಗಳೂ ಇದ್ದವು. ನಕಲು ಬೆರಳು ಮೊದಲ ದಿನ ಸರಿಯಾಗಿ ಕೂರಲಿಲ್ಲವೆಂದು ಕಾಣುತ್ತದೆ. ಆ ನಾಲ್ಕು ಸಾಲುಗಳನ್ನು ತೋರಿಸಿದ ಮೇಲೆ ‘ನೀವೇ ತೆಗೆದಿರಿ’ ಎಂಬ ಮಾತು ಶಾಖೆಯಲ್ಲಿ ಮತ್ತೆ ಕೇಳಲಿಲ್ಲ. ಒಂಬತ್ತನೆಯ ಕೆಲಸದ ದಿನ 30,000 ರೂಪಾಯಿ ತಾತ್ಕಾಲಿಕವಾಗಿ ಜಮೆಯಾಗಿದೆ, ವಿಚಾರಣೆ ಮುಗಿದಿಲ್ಲ. ಸೋರಿದ್ದು ಎಲ್ಲಿಂದ ಎಂಬುದು ಇನ್ನೂ ತಿಳಿದಿಲ್ಲ.

ಅಕ್ಕನ ಮಗ ಒಂದು ದಿನ ಮುಖ ಊದಿಸಿಕೊಂಡಿದ್ದು, ಆಮೇಲೆ ಕಡತಗಳನ್ನು ಅಳಿಸಿ ವರದಿ ಬರೆದು ಕಳುಹಿಸಿದ್ದಾನೆ. ಸ್ವೀಕೃತಿ ಬಂದಿದೆ. ಸೊನ್ನೆ ಒಂದು ಅವರೇ, ಕೂಟಕ್ಕೆ ಬರಲು ಅವನು ತುದಿಗಾಲಲ್ಲಿ ನಿಂತಿದ್ದಾನೆ.

ಕೊನೆಯ ಒಂದು ಸಂಶಯ. ಲಾಕ್ ಮಾಡಿದ್ದರಿಂದ ತಂದೆಯವರ ಪಡಿತರಕ್ಕೂ, ನವೆಂಬರಿನ ಜೀವಿತ ಪ್ರಮಾಣಪತ್ರಕ್ಕೂ ತೊಂದರೆಯಾಗುವುದೇ?

ಉತ್ತರ: ಮಾಜಿ ಕ್ಯಾಷಿಯರ್
ಅದೇ ದಿನ

ಪಡಿತರಕ್ಕೆ ಚೀಟಿಯಲ್ಲಿ ಹೆಸರಿರುವ ಯಾರ ಬೆರಳಾದರೂ ಆಗುತ್ತದೆ, ತಾಯಿಯವರು ಹೋಗಲಿ. ತಾಯಿಯವರ ಬೆರಳು ಲಾಕ್ ಆಗದೆ ಉಳಿಯುವುದರಿಂದ ಅವರ ಖಾತೆಯಲ್ಲಿ ಹೆಚ್ಚು ಹಣ ಇಡಬೇಡಿ. ಜೀವಿತ ಪ್ರಮಾಣಪತ್ರಕ್ಕೆ ಬೆರಳೇ ಬೇಕೆಂದಿಲ್ಲ: ನವೆಂಬರಿನಲ್ಲಿ ಮೇಷ್ಟರು ಶಾಖೆಗೆ ಖುದ್ದಾಗಿ ಹೋಗಿ, ಅಧಿಕಾರಿಯ ಎದುರು ಕಾಗದದ ನಮೂನೆಗೆ ಸಹಿ ಹಾಕಿ ಬಂದರಾಯಿತು.